ಚೆಂಡು ಮುಟ್ಟಬಹುದು, ಬಟ್ಟಲು ಮುಟ್ಟಬಾರದು!

ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಯಾವ ಹಾಸ್ಟೆಲಿಗಾದರೂ ಸಂಜೆ ಹೊತ್ತು ಹೋಗಿ ನೋಡ್ರಿ. ಹಿಂದಿನ ಬಯಲಿನಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ವಿಕೆಟ್ ಮಾಡಿಕೊಂಡು ನಮ್ಮ ಹುಡುಗರು ಆಡುತ್ತಿರುತ್ತಾರೆ. ಕಾಲಾಗ ಚಪ್ಪಲಿ ಇರೋದಿಲ್ಲ. ಹತ್ತು ಮಂದಿಗೆ ಒಂದೇ ಬ್ಯಾಟು, ಅದಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿರ್ತಾರ. ಆದರೂ ಚೆಂಡು ಆ ಕೈಗೆ ಬಂತೆಂದರೆ ಹೇಳಿದಂಗ ಕೇಳುತ್ತದೆ. ಆ ಕೈಗಳಿಗೆ ಸಿಗುವ ಮತ್ತು ಸಿಗದಿರುವ ಮರ್ಯಾದೆಯ ಬಗ್ಗೆ ನಾವು ಇವತ್ತು ಮಾತಾಡಬೇಕಾಗಿದೆ.

ಹೋದ ಬೇಸಿಗೆಯಲ್ಲಿ ಇದೇ ಮೂರು ತಾಲೂಕಿನ ಒಂದು ಊರಿನ ಟೂರ್ನಮೆಂಟಿಗೆ ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ಹೋಗಿದ್ದ. ಊರಿನ ಹೆಸರು ಬ್ಯಾಡ. ಅದು ಒಂದು ಊರಿನ ಮಾತಲ್ಲ. ಆಟಗಾರರು ಕಡಿಮೆ ಬಿದ್ದರೆಂದು ಊರಿನವರೇ ಕೇರಿಗೆ ಬಂದು ಅವನನ್ನು ಕರಕೊಂಡು ಹೋದರು. ಫೈನಲಿನಲ್ಲಿ ನಾಲ್ಕು ವಿಕೆಟ್ ತೆಗೆದ. ಭುಜದ ಮೇಲೆ ಹೊತ್ತು ಕುಣಿದರು. ಆಮೇಲೆ ಕಟ್ಟೆಯ ಮೇಲೆ ಚಹಾ ಬಂತು. ಉಳಿದವರಿಗೆ ಸ್ಟೀಲಿನ ಗ್ಲಾಸು, ಇವನಿಗೆ ಕಾಗದದ ಕಪ್ಪು, ಅದೂ ಕಟ್ಟೆಯ ಕೆಳಗೆ. ಬಹುಮಾನ ತಗೊಂಡವನು ಕ್ಯಾಪ್ಟನ್. ಕ್ಯಾಪ್ಟನ್ ಯಾರು? ಆಡಿದ್ದು ಎರಡು ಓವರು, ಅಪ್ಪನ ಹೊಲ ನಲವತ್ತು ಎಕರೆ.

ರಾತ್ರಿ ಹಾಸ್ಟೆಲಿಗೆ ಬಂದು ಆ ಹುಡುಗ ನಮಗೆ ಒಂದೇ ಮಾತು ಹೇಳಿದ: "ಅಣ್ಣಾ, ವಿಕೆಟ್ ನಮ್ದು, ಕಪ್ ಅವರ್ದು."

ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನೆ ಮಲಗಿದೆವು. ಆಮೇಲೆ ಒಂದಿಷ್ಟು ಓದಿದೆವು. ಓದಿದ ಮೇಲೆ ಗೊತ್ತಾಯಿತು: ಈ ಮಾತು ನೂರಕ್ಕೂ ಹೆಚ್ಚು ವರ್ಷ ಹಳೆಯದು. ಇದನ್ನು ನಮಗಿಂತ ಮುಂಚೆ ಉಂಡವರು ಒಬ್ಬರಿದ್ದಾರೆ. ಅವರ ಹೆಸರು ಪಾಳವಣಕರ್ ಬಾಳು.

ಎಷ್ಟು ಜನ ಕೇಳಿದ್ದೀರಿ ಈ ಹೆಸರು? ಐಪಿಎಲ್‌ನ ಎಲ್ಲಾ ತಂಡದ ಎಲ್ಲಾ ಆಟಗಾರರ ಹೆಸರು ನಮಗೆ ಬಾಯಿಪಾಠ ಅದ. ಆದರೆ ಭಾರತದ ಮೊದಲ ದೊಡ್ಡ ಬೌಲರ್, ನಮ್ಮವನು, ನಮ್ಮ ಧಾರವಾಡದಲ್ಲಿ ಹುಟ್ಟಿದವನು, ಅವನ ಹೆಸರು ನಮಗೆ ಗೊತ್ತಿಲ್ಲ. ಇದು ನಮ್ಮ ತಪ್ಪಲ್ಲ, ನಮಗೆ ಹೇಳಲಿಲ್ಲ. ಆದರೆ ಗೊತ್ತಾದ ಮೇಲೂ ಸುಮ್ಮನೆ ಕುಂತರೆ ಅದು ನಮ್ಮ ತಪ್ಪು.

ಬಾಳು ಹುಟ್ಟಿದ್ದು 1876ರ ಸುಮಾರಿಗೆ, ಧಾರವಾಡದಲ್ಲಿ. ಜಾತಿಯಲ್ಲಿ ಚಮ್ಮಾರ, ಅಂದರೆ ನಮ್ಮ ಕಡೆ ಸಮಗಾರ ಅಂತೀವಲ್ಲ ಅದು. ಮನೆತನದ ಮೂಲ ಕೊಂಕಣ ಸೀಮೆಯ ಪಾಳವಣ ಎಂಬ ಹಳ್ಳಿ, ಅದಕ್ಕೇ ಪಾಳವಣಕರ್. ತಂದೆ ಬ್ರಿಟಿಷರ ಸೈನ್ಯದಲ್ಲಿ ಚಾಕರಿ ಮಾಡುತ್ತಿದ್ದರು. ಕುಟುಂಬ ಪುಣೆಗೆ ಹೋಯಿತು. ಶಿವರಾಮ, ಗಣಪತ, ವಿಠ್ಠಲ ಎಂದು ತಮ್ಮಂದಿರು. ನಾಲ್ವರೂ ಮುಂದೆ ಕ್ರಿಕೆಟ್ ಆಡಿದರು.

ಪುಣೆ, ಮುಂಬೈ ನಮಗೆ ದೂರದ ಊರಲ್ಲ. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಅಪ್ಪ ಅವ್ವ ಗಂಟು ಕಟ್ಟಿಕೊಂಡು ಗುಳೆ ಹೋಗುವುದು ಅಲ್ಲಿಗೇ. ಪುಣೆಯ ನಡುವೆ ಹರಿಯುವ ಮುಳಾ-ಮುಠಾ ಹೊಳೆ ಭೀಮೆಗೆ ಸೇರುತ್ತದೆ. ಅದೇ ಭೀಮೆ ಅಫಜಲಪುರಕ್ಕೆ ಬರುತ್ತಾಳೆ. ಗಾಣಗಾಪುರದಲ್ಲಿ ಆಳಂದ ಕಡೆಯ ಅಮರ್ಜಾ ಬಂದು ಕೂಡುತ್ತಾಳೆ. ಕೂಡಿದ ನೀರು ಜೇವರ್ಗಿಗೆ ಹೋಗುತ್ತದೆ. ನೀರಿಗೆ ಈ ಮೂರು ತಾಲೂಕು ಒಂದೇ, ಪುಣೆಯೂ ಒಂದೇ. ಮನುಷ್ಯರಿಗೆ ಮಾತ್ರ ಕೆರೆಯೇ ಬೇರೆ, ಬಾವಿಯೇ ಬೇರೆ, ಬಟ್ಟಲೇ ಬೇರೆ.

ಹುಡುಗ ಬಾಳುವಿಗೆ ಮೊದಲು ಸಿಕ್ಕ ಕೆಲಸ ಏನು ಗೊತ್ತೇನ್ರಿ? ಪುಣೆಯ ಒಂದು ಪಾರ್ಸಿ ಕ್ಲಬ್ಬಿನಲ್ಲಿ ಮೈದಾನ ಕಸ ಗುಡಿಸುವುದು, ಪಿಚ್ ಮೇಲೆ ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ ಪಗಾರ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು, ಅಲ್ಲಿ 4 ರೂಪಾಯಿ. ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು, ನೆಟ್ ಕಟ್ಟಬೇಕು, ದೊರೆಗಳಿಗೆ ಪ್ರಾಕ್ಟೀಸ್ ಬೇಕೆಂದರೆ ಗಂಟೆಗಟ್ಟಲೆ ಚೆಂಡು ಹಾಕಬೇಕು. ಎಡಗೈ ಸ್ಪಿನ್. ಕ್ಯಾಪ್ಟನ್ ಗ್ರೆಗ್ ಎಂಬ ಬಿಳಿಯ ಆಟಗಾರ, ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಮಾತಿದೆ. ಎಂಟಾಣೆ ಕೊಟ್ಟರು, ಚೆಂಡು ಕೊಟ್ಟರು. ಬ್ಯಾಟು ಮಾತ್ರ ಕೊಡಲಿಲ್ಲ. ಬ್ಯಾಟ್ ಮಾಡುವುದು ದೊರೆಗಳ ಕೆಲಸ, ಚೆಂಡು ಹಾಕಿ ಬೆವರು ಸುರಿಸುವುದು ಆಳಿನ ಕೆಲಸ. ನಮ್ಮ ಊರ ಗೌಡನ ಹೊಲದಾಗ ಹೆಂಗೋ ಹಂಗೇ.

ಈಗ ಪುಣೆಯ ಹಿಂದೂ ತಂಡಕ್ಕೆ ಒಂದು ಸಂಕಟ ಬಂತು. ಬಿಳಿಯರನ್ನು ಸೋಲಿಸಬೇಕು. ಸೋಲಿಸಬಲ್ಲ ಬೌಲರ್ ಒಬ್ಬನೇ, ಆದರೆ ಅವನು ಅಸ್ಪೃಶ್ಯ. ಏನ್ ಮಾಡೋದು? ಜಗಳ ಆಯಿತು, ಚರ್ಚೆ ಆಯಿತು. ಕಡೆಗೆ ತಗೊಂಡರು. ಹೆಂಗ ತಗೊಂಡರು ನೋಡ್ರಿ: ಮೈದಾನದ ಒಳಗೆ ಅವರು ಮುಟ್ಟಿದ ಚೆಂಡನ್ನು ಬ್ರಾಹ್ಮಣ ಆಟಗಾರರೂ ಮುಟ್ಟಿದರು. ಚಹಾ ವೇಳೆಗೆ ಎಲ್ಲರೂ ಪೆವಿಲಿಯನ್ ಒಳಗೆ, ಬಾಳು ಹೊರಗೆ. ಅವರಿಗೆ ಚಹಾ ಕೊಟ್ಟಿದ್ದು ಕುಡಿದು ಒಗೆಯುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಾಟು, ಬೇರೆ ಮೇಜು. ಬೆವರಿದ ಮುಖ ತೊಳೆಯಬೇಕೆಂದರೂ ನೀರು ತಂದುಕೊಡಲು ಇನ್ನೊಬ್ಬ ಅಸ್ಪೃಶ್ಯ ಆಳೇ ಬೇಕು.

ಚೆಂಡು ಮುಟ್ಟಬಹುದು, ಬಟ್ಟಲು ಮುಟ್ಟಬಾರದು!

ಇದು ಯಾವ ಶಾಸ್ತ್ರ? ಚೆಂಡು ಚರ್ಮದ್ದು. ಚರ್ಮ ಹದ ಮಾಡುವವರು ನಾವು, ಹೊಲಿಯುವವರು ನಾವು. ಆ ಚೆಂಡಿಗೆ ಮೈಲಿಗೆ ಇಲ್ಲ, ಚಹಾದ ಬಟ್ಟಲಿಗೆ ಮೈಲಿಗೆ ಅದ. ಯಾಕೆಂದರೆ ಚೆಂಡಿನಿಂದ ಅವರಿಗೆ ವಿಕೆಟ್ ಬೇಕಾಗಿತ್ತು. ಬಟ್ಟಲಿನಿಂದ ಅವರಿಗೆ ಏನೂ ಬೇಕಾಗಿರಲಿಲ್ಲ. ಗೆಳೆಯರೇ, ಇದನ್ನು ಚೆನ್ನಾಗಿ ಮನಸ್ಸಿನಲ್ಲಿಡಿ: ಜಾತಿಯ ಹಗ್ಗ ಸಡಿಲಾಗುವುದು ಅವರ ಅಗತ್ಯ ಎಷ್ಟೋ ಅಷ್ಟೇ. ಅಗತ್ಯ ಮುಗಿದ ಜಾಗದಲ್ಲಿ ಮತ್ತೆ ಬಿಗಿಯಾಗುತ್ತದೆ. ಆಟ ಮುಗಿಯುವತನಕ ಭುಜದ ಮೇಲೆ, ಆಟ ಮುಗಿದ ಮೇಲೆ ಕಟ್ಟೆಯ ಕೆಳಗೆ.

ಸಾತಾರಾದಲ್ಲಿ ಬಿಳಿಯರ ತಂಡದ ಮೇಲೆ ಆಡಿ ಬಾಳು 7 ವಿಕೆಟ್ ತೆಗೆದರು. ಸುಮಾರು ಅದೇ ಕಾಲಕ್ಕೆ ಅದೇ ಸಾತಾರಾದ ಶಾಲೆಯಲ್ಲಿ ಭೀಮರಾವ್ ಎಂಬ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂತು ಪಾಠ ಕೇಳುತ್ತಿದ್ದ. ಬಾಯಾರಿದರೆ ಜವಾನ ಬಂದು ನಳ ತಿರುವಬೇಕು, ಜವಾನ ಇಲ್ಲದಿದ್ದರೆ ನೀರಿಲ್ಲ. ಒಬ್ಬ ಆಟದಲ್ಲಿ ಮುಂದೆ, ಒಬ್ಬ ಓದಿನಲ್ಲಿ ಮುಂದೆ. ಇಬ್ಬರಿಗೂ ನೀರಿನ ಶಿಕ್ಷೆ ಒಂದೇ. ಆ ಹೊತ್ತಿಗೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಹಿಂದೂ ಆಟಗಾರರಿಗೆ ಬುದ್ಧಿ ಹೇಳಿದರಂತೆ: ಬಾಳು ಜೊತೆ ಆಡಬಹುದಾದರೆ ಕೂತು ಉಣ್ಣಲೂಬೇಕು, ಕುಡಿಯಲೂಬೇಕು ಎಂದು. ಒಳ್ಳೆಯ ಮಾತು. ಆದರೆ ಈ ಮಾತು ಹೇಳಲು 7 ವಿಕೆಟ್ ಬೇಕಾಯಿತು. ಚೆಂಡು ಹಾಕಲು ಬಾರದ ನಮ್ಮ ಅಪ್ಪನಿಗೆ ಯಾರು ಬಟ್ಟಲು ಕೊಡಬೇಕು?

ಪುಣೆಗೆ ಪ್ಲೇಗ್ ಬಂದ ಮೇಲೆ ಬಾಳು ಮುಂಬೈಗೆ ಹೋದರು. ಸೈನ್ಯದಲ್ಲಿ, ಆಮೇಲೆ ರೈಲ್ವೆಯಲ್ಲಿ ನೌಕರಿ ಮಾಡಿದರು. ಹಿಂದೂ ಜಿಮಖಾನಾ ತಂಡಕ್ಕೆ ಸೇರಿದರು, ಅಲ್ಲೂ ಮೊದಲು ತಕರಾರು ಇತ್ತು. 1906ರಲ್ಲಿ ಹಿಂದೂ ತಂಡ ಮುಂಬೈಯ ಯುರೋಪಿಯನ್ ತಂಡವನ್ನು 109 ರನ್ನುಗಳಿಂದ ಸೋಲಿಸಿತು. ಬಾಳು, ಶಿವರಾಮ ಇಬ್ಬರೂ ಆ ತಂಡದಲ್ಲಿದ್ದರು. ಆಳುವ ಜನರನ್ನು ಆಳಿಸಿಕೊಂಡವರು ಸೋಲಿಸಿದ್ದಕ್ಕೆ ಇಡೀ ಮುಂಬೈ ಕುಣಿಯಿತು. ಆಳಿಸಿಕೊಂಡವರಿಂದಲೂ ಆಳಿಸಿಕೊಂಡವರು ಇಬ್ಬರು ಆ ಗೆಲುವಿನಲ್ಲಿ ಇದ್ದರೆಂಬುದು ಎಷ್ಟು ಜನರಿಗೆ ನೆನಪಿತ್ತೋ.

1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹಡಗು ಹತ್ತಿತು. ನಾಯಕ ಯಾರು? ಮಹಾರಾಜ. ದುಡಿದವರು ಯಾರು? ಬಾಳು. ಆ ಪ್ರವಾಸದ ಎಲ್ಲಾ ಪಂದ್ಯ ಸೇರಿ 114 ವಿಕೆಟ್, ಸರಾಸರಿ 18.84. ಮೊದಲ ದರ್ಜೆಯ ಪಂದ್ಯಗಳಲ್ಲೇ 75. ಇಡೀ ಆಟದ ಬದುಕಿನಲ್ಲಿ ಅವರು ಮೊದಲ ದರ್ಜೆಯ 33 ಪಂದ್ಯ ಆಡಿ 179 ವಿಕೆಟ್ ತೆಗೆದರು, ಸರಾಸರಿ 15.21. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಆಗ ಬಾಳು ಐವತ್ತು ದಾಟಿದ್ದರು. ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರು ಇಲ್ಲದ್ದು ಅದಕ್ಕೆ. ಆದ್ದರಿಂದಲೇ ನಾವು ಪಟ್ಟಿ ಓದುವುದನ್ನು ಬಿಟ್ಟು ಚರಿತ್ರೆ ಓದಬೇಕು ಎನ್ನುವುದು.

ಇಂಗ್ಲೆಂಡಿನಿಂದ ಬಂದ ಮೇಲೆ ಮುಂಬೈಯ ದಲಿತರು ಬಾಳು ಅವರಿಗೆ ಸನ್ಮಾನ ಮಾಡಿದರು. ಮಾನಪತ್ರ ಒಪ್ಪಿಸಿದವರು ಆಗಿನ್ನೂ ಇಪ್ಪತ್ತರ ಆಸುಪಾಸಿನ ಒಬ್ಬ ಕಾಲೇಜು ವಿದ್ಯಾರ್ಥಿ. ಯಾರು? ಭೀಮರಾವ್ ಅಂಬೇಡ್ಕರ್! ನಮ್ಮ ಬಾಬಾಸಾಹೇಬರು ಹುಡುಗರಾಗಿದ್ದಾಗ ಹೆಮ್ಮೆಪಟ್ಟ ಮನುಷ್ಯ ಈ ಬೌಲರ್. ಈ ಚಿತ್ರವನ್ನು ಹಾಗೇ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂಬೈಯಲ್ಲಿ ಊಟದ ಮೇಜು ನಿಧಾನಕ್ಕೆ ತೆರೆಯಿತು. ಆದರೆ ಕ್ಯಾಪ್ಟನ್ ಕುರ್ಚಿ ತೆರೆಯಲಿಲ್ಲ. ತಂಡದಲ್ಲಿ ಅವರಷ್ಟು ಅನುಭವ, ಅವರಷ್ಟು ವಿಕೆಟ್ ಇನ್ನೊಬ್ಬರಿಗೆ ಇರಲಿಲ್ಲ. ಆದರೂ ವರ್ಷ ವರ್ಷ ನಾಯಕ ಮೇಲ್ಜಾತಿಯವರೇ. 1913ರಲ್ಲಿ ನಾಯಕನಾದ ಎಂ.ಡಿ. ಪೈ ಎಂಬ ಬ್ರಾಹ್ಮಣ ಆಟಗಾರ ಸನ್ಮಾನ ಸಭೆಯಲ್ಲಿ ತಾನೇ ಒಪ್ಪಿಕೊಂಡ: ಈ ಮರ್ಯಾದೆ ಹಿರಿಯರಾದ ಬಾಳು ಅವರಿಗೆ ಸಲ್ಲಬೇಕಿತ್ತು ಎಂದು. ಪೈ ದೊಡ್ಡ ಮನಸ್ಸಿನವನು, ಇಲ್ಲ ಅನ್ನೋದಿಲ್ಲ. ಆದರೆ ಮಾತು ಸಲ್ಲಿತು, ಪಟ್ಟ ಸಲ್ಲಲಿಲ್ಲ.

ಹೇಳ್ರಿ, ಬೌಲಿಂಗಿಗೂ ಕ್ಯಾಪ್ಟನ್‌ಗಿರಿಗೂ ಏನು ವ್ಯತ್ಯಾಸ? ಬೌಲಿಂಗ್ ಅಂದರೆ ಕೈ ಕೆಲಸ. ಕ್ಯಾಪ್ಟನ್ ಅಂದರೆ ತಲೆ ಕೆಲಸ, ಬಾಯಿ ಕೆಲಸ. ಕೈ ನಿಮ್ಮದು ಇರಲಿ, ತಲೆ ನಮ್ಮದು ಎನ್ನುವುದೇ ಜಾತಿ. ದಲಿತನೊಬ್ಬ 'ನೀ ಅಲ್ಲಿ ನಿಲ್ಲು, ನೀ ಇಲ್ಲಿ ಓಡು' ಎಂದು ಬ್ರಾಹ್ಮಣನಿಗೆ, ಲಿಂಗಾಯತನಿಗೆ, ರೆಡ್ಡಿಗೆ ಕೈ ಮಾಡಿ ಹೇಳುವುದು ಅವರಿಗೆ ನುಂಗದ ತುತ್ತು. ಅದಕ್ಕೇ ನಮ್ಮ ಹುಡುಗನಿಗೂ ಹೋದ ಬೇಸಿಗೆ ಹೇಳಿದರು: "ನೀ ಛಲೋ ಹಾಕ್ತಿ ಖರೇ, ಆದ್ರ ಕ್ಯಾಪ್ಟನ್ ಅಂದ್ರ ಮಾತಾಡ್ಲಾಕ ಬರಬೇಕು ನೋಡಪಾ."

ಹಂಗಾದರೆ ಈ ಬಾಗಿಲು ತೆರೆದದ್ದು ಹೇಗೆ? ವಿಕೆಟ್ಟಿನಿಂದ ಅಲ್ಲ. 1920ರಲ್ಲಿ ಬಾಳು ಅವರನ್ನು ತಂಡದಿಂದ ಕೈಬಿಟ್ಟರು. ನಾಯಕ ಪೈಗೆ ಆರೋಗ್ಯ ಸರಿ ಇರಲಿಲ್ಲ. ನ್ಯಾಯವಾಗಿ ನಾಯಕತ್ವ ವಿಠ್ಠಲ ಅವರಿಗೆ ಬರಬೇಕು, ಆಗ ಅವರು ಹಿಂದೂ ತಂಡದ ದೊಡ್ಡ ಬ್ಯಾಟ್ಸ್‌ಮನ್. ಆದರೆ ಡಿ.ಬಿ. ದೇವಧರ್ ಅವರನ್ನು ನಾಯಕ ಮಾಡಿದರು. ವಿಠ್ಠಲ, ಶಿವರಾಮ ಇಬ್ಬರೂ ಆಡುವುದಿಲ್ಲ ಎಂದು ಹೊರಗೆ ಬಂದರು. ಸುಮ್ಮನೆ ಬರಲಿಲ್ಲ, ಜಾತಿಯ ಕಾರಣಕ್ಕೆ ನಮ್ಮನ್ನು ಹಿಂದೆ ತಳ್ಳಿದ್ದಾರೆಂದು ಬಹಿರಂಗವಾಗಿ ಹೇಳಿಯೇ ಬಂದರು. ಊರೆಲ್ಲ ಚರ್ಚೆ ಆಯಿತು. ಮುಂದಿನ ಪಂದ್ಯಕ್ಕೆ ಬಾಳು ಅವರನ್ನು ಉಪನಾಯಕರನ್ನಾಗಿ ಕರೆದರು, ತಮ್ಮಂದಿರೂ ಬಂದರು. ಆಟದ ನಡುವೆ ಪೈ ಮೈದಾನ ಬಿಟ್ಟು ಹೊರಗೆ ಹೋದರು, ಬಾಳು ತಂಡವನ್ನು ನಡೆಸಿದರು. ಮೂರೇ ವರ್ಷಕ್ಕೆ, 1923ರಲ್ಲಿ, ವಿಠ್ಠಲ ಪೂರ್ತಿ ನಾಯಕರಾದರು. ಅವರ ನಾಯಕತ್ವದಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿ ಗೆದ್ದಿತು. ಮೇಲ್ಜಾತಿ ಹುಡುಗರು ಚಮ್ಮಾರ ನಾಯಕನನ್ನು ಹೆಗಲ ಮೇಲೆ ಹೊತ್ತರು.

ಅಣ್ಣ ಹತ್ತು ವರ್ಷ ಬೆವರು ಸುರಿಸಿದರೂ ಸಿಗದ್ದು, ತಮ್ಮಂದಿರು ಒಂದು ಸಲ 'ಆಡೋದಿಲ್ಲ' ಅಂದಾಗ ಸಿಕ್ಕಿತು. ನಮ್ಮ ವಾದ ಇಷ್ಟೇ. ಪ್ರತಿಭೆ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆಸುವುದು ಸಂಘಟಿತ ನಿರಾಕರಣೆ. ಎರಡೂ ಬೇಕು. ಆಟ ಬಾರದವನು ಆಡೋದಿಲ್ಲ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಆಟ ಬರುವವನು ಸುಮ್ಮನೆ ಆಡುತ್ತಾ ಹೋದರೆ ಸಾಯುವತನಕ ಆಡಿಸಿಕೊಳ್ಳುತ್ತಾರೆ.

ಇದು ನಮ್ಮ ದೇಶದ ರೋಗ ಮಾತ್ರ ಅಂತ ತಿಳೀಬ್ಯಾಡ್ರಿ. ಅಮೆರಿಕಾದಲ್ಲಿ ಇದೇ ಕಾಲಕ್ಕೆ ಫ್ರಿಟ್ಜ್ ಪೊಲಾರ್ಡ್ ಎಂಬ ಕರಿಯ ಆಟಗಾರ ಇದ್ದ. 1894ರಲ್ಲಿ ಶಿಕಾಗೋದಲ್ಲಿ ಹುಟ್ಟಿದವನು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಗುಲಾಮರ ಬಿಡುಗಡೆಗೆ ಹೋರಾಡಿದ ಫ್ರೆಡರಿಕ್ ಡಗ್ಲಾಸ್‌ನ ಹೆಸರನ್ನೇ ತಂದೆತಾಯಿ ಅವನಿಗೆ ಇಟ್ಟಿದ್ದರು. ಅಲ್ಲಿನ ಫುಟ್‌ಬಾಲ್ ಅಂದರೆ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಬೇಕು, ಎದುರಾಳಿಗಳು ಕಬಡ್ಡಿಯಂಗ ಮೈಮೇಲೆ ಬಿದ್ದು ಕೆಡವುತ್ತಾರೆ. ಪೊಲಾರ್ಡ್ ಸಣ್ಣ ಆಳು, ಆದರೆ ಓಡಿದರೆ ಹಿಡಿಯುವವರಿಲ್ಲ. ಬಿದ್ದ ಮೇಲೂ ಬೇಕಂತಲೇ ಅವನ ಮೇಲೆ ಹಾರಿ ತುಳಿಯಲು ಬರುತ್ತಿದ್ದರು. ಅವನು ಅಂಗಾತ ಹೊರಳಿ ಮೊಳೆಯ ಬೂಟಿನ ಕಾಲು ಮೇಲೆ ಮಾಡಿ ತನ್ನನ್ನು ಕಾಯ್ದುಕೊಳ್ಳುತ್ತಿದ್ದನಂತೆ.

1920ರಲ್ಲಿ ಅಲ್ಲಿ ಸಂಬಳದ ಆಟಗಾರರ ಲೀಗ್ ಶುರುವಾಯಿತು. ಅದೇ ಮುಂದೆ ಎನ್‌ಎಫ್‌ಎಲ್ ಆಯಿತು. ಮೊದಲ ವರ್ಷವೇ ಪೊಲಾರ್ಡ್ ಇದ್ದ ಆಕ್ರನ್ ಪ್ರೋಸ್ ತಂಡ ಗೆದ್ದಿತು. 1921ರಲ್ಲಿ ಅವನು ಆಟಗಾರನೂ ಆಗಿ ಅದೇ ತಂಡದ ಕೋಚೂ ಆದ. ಆ ಲೀಗಿನ ಮೊದಲ ಕರಿಯ ಕೋಚ್. ಬಿಳಿಯರಿಗೆ ಆಟ ಕಲಿಸುವವನು. ಆದರೆ ಆಕ್ರನ್ ಊರಿನಲ್ಲಿ ಅವನು ಬಟ್ಟೆ ಬದಲಿಸುತ್ತಿದ್ದದ್ದು ತಂಡದ ಕೋಣೆಯಲ್ಲಲ್ಲ, ಮಾಲೀಕನ ಚುಟ್ಟಾ ಕಾರ್ಖಾನೆಯಲ್ಲಿ. ಹೊಟೇಲುಗಳಲ್ಲಿ ಅವನಿಗೆ ಊಟವಿಲ್ಲ. ಕುಡಿಕೆ ಬೇರೆ, ಕೋಣೆ ಬೇರೆ, ಮಾತು ಒಂದೇ.

ಮುಂದೆ ಏನಾಯಿತು? 1934ರಿಂದ 1945ರ ತನಕ ಆ ಲೀಗಿನಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರ ಇರಲಿಲ್ಲ. ಕಾನೂನು ಬರೆದು ತೆಗೆದರೇ? ಇಲ್ಲ. ತಮ್ಮ ತಮ್ಮಲ್ಲೇ ಮಾತಾಡಿಕೊಂಡವರಂತೆ ಸುಮ್ಮನೆ ಬಾಗಿಲು ಹಾಕಿದರು. 1946ರಲ್ಲಿ ಮತ್ತೆ ತೆಗೆದರು. ಆದರೆ ಕೋಚ್? ಪೊಲಾರ್ಡ್ ನಂತರ ಎರಡನೇ ಕರಿಯ ಮುಖ್ಯ ಕೋಚ್ ಆರ್ಟ್ ಶೆಲ್ ಬಂದದ್ದು 1989ರಲ್ಲಿ. ಅರವತ್ತೆಂಟು ವರ್ಷ! ಅಷ್ಟೊತ್ತಿಗೆ ಪೊಲಾರ್ಡ್ 1986ರಲ್ಲಿ ಸತ್ತುಹೋಗಿದ್ದ. 2005ರಲ್ಲಿ ಅವನ ಹೆಸರನ್ನು ಫುಟ್‌ಬಾಲಿನ ಗೌರವ ಮಂದಿರಕ್ಕೆ ಸೇರಿಸಿದರು. ಸತ್ತ ಮೇಲೆ ಹಾರ.

ಇಲ್ಲಿ ಒಂದು ಮಾತು ಗಮನಿಸಬೇಕು. 2003ರಲ್ಲಿ ಆ ಲೀಗ್ ಒಂದು ನಿಯಮ ಮಾಡಿತು: ಮುಖ್ಯ ಕೋಚ್ ಜಾಗ ಖಾಲಿಯಾದರೆ ಅಲ್ಪಸಂಖ್ಯಾತ ಜನಾಂಗದ ಅಭ್ಯರ್ಥಿಯನ್ನು ಸಂದರ್ಶನಕ್ಕೆ ಕರೆಯಲೇಬೇಕು. ಕೆಲಸ ಕೊಡಿ ಅಂತಲ್ಲ, ಬರೀ ಕರೆದು ಮಾತಾಡಿಸಿ ಅಂತ. ಅಷ್ಟಕ್ಕೂ ನಿಯಮ ಬೇಕಾಯಿತು! ಮೀಸಲಾತಿ ಅಂದರೆ ಮೂಗು ಮುರಿದು 'ಮೆರಿಟ್, ಮೆರಿಟ್' ಅನ್ನುವ ನಮ್ಮ ಕಾಲೇಜಿನ ಗೆಳೆಯರು ಇದನ್ನು ಓದಬೇಕು. ಗೆದ್ದ ತಂಡದ ಕೋಚಿಗಿಂತ ದೊಡ್ಡ ಮೆರಿಟ್ ಯಾವುದು? ಅಮೆರಿಕಾದಂಥ ದೇಶದಲ್ಲೇ ಮೆರಿಟ್ಟಿಗೆ ಅರವತ್ತೆಂಟು ವರ್ಷ ಕಣ್ಣು ಕಾಣಲಿಲ್ಲ.

ಈಗ ಕಷ್ಟದ ಮಾತಿಗೆ ಬರೋಣ. ಇದನ್ನು ಮುಚ್ಚಿಟ್ಟು ಬರೆದರೆ ನಾವು ನಿಮಗೆ ಮೋಸ ಮಾಡಿದಂತೆ.

ನಮ್ಮ ಸಭೆಗಳಲ್ಲಿ ಬಾಳು ಅವರ ಫೋಟೋ ಯಾಕಿಲ್ಲ? ಕಾರಣ ಅದ. 1932ರಲ್ಲಿ ಬಾಬಾಸಾಹೇಬರು ನಮಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದರು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಬಾಳು ಜಂಟಿ ಮತಕ್ಷೇತ್ರದ ಪರ, ಗಾಂಧೀಜಿ ಕಡೆ ನಿಂತರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳು ಕೂಡ ಒಬ್ಬರು. 1937ರಲ್ಲಿ ಮುಂಬೈ ವಿಧಾನಸಭೆಗೆ ಚುನಾವಣೆ. ಬಾಬಾಸಾಹೇಬರು 1936ರಲ್ಲಿ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರನ್ನು ಸೋಲಿಸಲು ಕಾಂಗ್ರೆಸ್ ಯಾರನ್ನು ನಿಲ್ಲಿಸಿತು? ಬಾಳು ಅವರನ್ನು. ಬಾಬಾಸಾಹೇಬರಿಗೆ 13,245 ಮತ, ಬಾಳು ಅವರಿಗೆ 11,225. ಎರಡು ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ ಬಾಬಾಸಾಹೇಬರು ಗೆದ್ದರು.

ಮಾನಪತ್ರ ಕೊಟ್ಟ ಹುಡುಗ, ತಗೊಂಡ ಹಿರಿಯ, ಇಬ್ಬರೂ ಎದುರುಬದುರು. ಯಾಕೆ ಹಿಂಗಾಯಿತು?

ಕೆಲವರು ಸುಲಭಕ್ಕೆ 'ಬಾಳು ದ್ರೋಹಿ' ಅಂತಾರ. ನಾವು ಹಂಗ ಅನ್ನೋದಿಲ್ಲ. ಬಾಳು ಯಾರ ಕೈಗೊಂಬೆಯೂ ಆಗಿರಲಿಲ್ಲ. ಮಣ್ಣಿನ ಕುಡಿಕೆಯಿಂದ ಶುರುವಾಗಿ ಊಟದ ಮೇಜಿಗೆ ಬಂದವರು ಅವರು. ತಮ್ಮನನ್ನು ಮೇಲ್ಜಾತಿ ಹುಡುಗರು ಹೆಗಲ ಮೇಲೆ ಹೊತ್ತದ್ದನ್ನು ಕಣ್ಣಾರೆ ಕಂಡವರು. ಹಿಂದೂ ಸಮಾಜ ನಿಧಾನವಾಗಿ ಬದಲಾಗುತ್ತದೆ, ಒಳಗಿದ್ದೇ ಬದಲಾಯಿಸಬಹುದು ಎಂದು ಅವರು ನಂಬಿದರೆ ಅದಕ್ಕೆ ಅವರ ಬದುಕೇ ಸಾಕ್ಷಿ ಇತ್ತು. ಆ ನಂಬಿಕೆ ತಪ್ಪು ಎಂದು ನಾವು ಹೇಳುತ್ತೇವೆ. ಯಾಕೆಂದರೆ 114 ವಿಕೆಟ್ ತೆಗೆದವನಿಗೆ ತೆರೆದ ಬಾಗಿಲು ವಿಕೆಟ್ ತೆಗೆಯದ ಕೋಟ್ಯಂತರ ಜನರಿಗೆ ತೆರೆಯುವುದಿಲ್ಲ. ಬಾಬಾಸಾಹೇಬರು ಕೇಳಿದ್ದು ಅವರೆಲ್ಲರ ಹಕ್ಕನ್ನು. ಒಬ್ಬನ ಪ್ರತಿಭೆಗೆ ಸಿಗುವ ಮೆಚ್ಚುಗೆ ಬೇರೆ, ಎಲ್ಲರ ಹಕ್ಕು ಬೇರೆ. ಈ ವ್ಯತ್ಯಾಸ ಕಾಣದೇ ಹೋದದ್ದು ಬಾಳು ಅವರ ರಾಜಕೀಯದ ಸೋಲು.

ಇನ್ನೂ ಒಂದು ಮಾತು. ಹತ್ತು ವರ್ಷ ಅವರನ್ನು ನಾಯಕ ಪಟ್ಟಕ್ಕೆ ಮುಂದೆ ಮಾಡದ ಸಮಾಜ, ಬಾಬಾಸಾಹೇಬರ ಎದುರು ಮಾತ್ರ ಅವರನ್ನು ಮುಂದೆ ಮಾಡಿತು! ಇಲ್ಲೂ ಅದೇ ಹಗ್ಗ, ಅದೇ ಅಗತ್ಯ. ಒಬ್ಬ ಮಹಾರ, ಒಬ್ಬ ಚಮ್ಮಾರ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ನೋಡುವವರು ನೋಡಿದರು. ನಮ್ಮ ಮೂರು ತಾಲೂಕಿನಲ್ಲಿ ಇದು ಇವತ್ತಿಗೂ ನಡೆದಿಲ್ಲವೇ? ಪಂಚಾಯತಿ ಚುನಾವಣೆ ಬಂದರೆ ಹೊಲೆಯರ ಕೇರಿಗೆ ಒಬ್ಬ, ಮಾದಿಗರ ಕೇರಿಗೆ ಒಬ್ಬ, ಸಮಗಾರರ ಓಣಿಗೆ ಒಬ್ಬ ಎಂದು ಊರ ದೊಡ್ಡವರು ಹಂಚುವುದಿಲ್ಲವೇ? ಹಾಸ್ಟೆಲಿನಲ್ಲೇ ಎಡಗೈ, ಬಲಗೈ ಎಂದು ತಾಟು ಬೇರೆ ಹಿಡಿಯುವ ಗೆಳೆಯರನ್ನು ನಾವು ನೋಡಿದ್ದೇವೆ. ಮೇಲಿನವರ ಬಟ್ಟಲಿನ ಬಗ್ಗೆ ಭಾಷಣ ಮಾಡಿ, ನಮ್ಮ ನಮ್ಮಲ್ಲೇ ಬಟ್ಟಲು ಬೇರೆ ಮಾಡಿದರೆ ಯಾವ ಮುಖ ಹೊತ್ತು ಮಾತಾಡೋದು?

ಆದ್ದರಿಂದ ನಮ್ಮ ಅಭಿಪ್ರಾಯ: ಬಾಳು ಅವರನ್ನು ಪೂಜೆ ಮಾಡುವುದೂ ಬೇಡ, ಕಸಕ್ಕೆ ಎಸೆಯುವುದೂ ಬೇಡ. 1911ರ ಮಾನಪತ್ರವನ್ನೂ 1937ರ ಮತಪತ್ರವನ್ನೂ ಒಟ್ಟಿಗೆ ಓದಬೇಕು. ಬಾಬಾಸಾಹೇಬರ ಎದುರು ನಿಂತವರೆಂಬ ಒಂದೇ ಕಾರಣಕ್ಕೆ ನಮ್ಮ ಜನರ ಮೊದಲ ದೊಡ್ಡ ಆಟಗಾರನನ್ನು ನಾವೇ ಮರೆತರೆ, ಮೇಲ್ಜಾತಿಯವರು ಬರೆಯುವ ಕ್ರಿಕೆಟ್ ಚರಿತ್ರೆಗೂ ನಮಗೂ ವ್ಯತ್ಯಾಸ ಏನುಳಿಯಿತು? ಬಾಳು 1955ರ ಜುಲೈ 4ರಂದು ಮುಂಬೈಯಲ್ಲಿ ತೀರಿಕೊಂಡರು. ಬಾಬಾಸಾಹೇಬರು ಮರುವರ್ಷ ಡಿಸೆಂಬರಿನಲ್ಲಿ. ಇಬ್ಬರೂ ನಮ್ಮವರು. ಒಬ್ಬರು ನಮಗೆ ದಾರಿ. ಇನ್ನೊಬ್ಬರು ನಮಗೆ ಪಾಠ. ಪಾಠವನ್ನೂ ಓದಬೇಕು.

'ಆಟದಾಗ ಜಾತಿ ಯಾಕ ತರ್ತೀರಿ?' ಎಂದು ಕೆಲವರು ಕೇಳುತ್ತಾರೆ. ನಾವು ತಂದಿಲ್ಲ ಸ್ವಾಮಿ. ನಾವು ತಂದದ್ದು ಚೆಂಡು. ಕಾಗದದ ಕಪ್ಪು ತಂದವರು ಯಾರು?

ಹಾಗಾದರೆ ಮಾಡಬೇಕಾದ್ದೇನು? ಬರೀ ಸಿಟ್ಟು ಮಾಡಿ ಮಲಗಿದರೆ ಆಗೋದಿಲ್ಲ.

ಮೊದಲನೇದು, ಆಡಬೇಕು. ಚೆಂದಗೆ ಆಡಬೇಕು. ಕ್ರಿಕೆಟ್ ಇರಲಿ, ಕಬಡ್ಡಿ ಇರಲಿ, ಖೋಖೋ ಇರಲಿ, ಓಟ ಇರಲಿ. ಹುಡುಗಿಯರ ಹಾಸ್ಟೆಲಿನಲ್ಲೂ ಆಡಬೇಕು. ಸಂಜೆ ಆರಕ್ಕೆ ಗೇಟು ಹಾಕಿ 'ನಿಮಗ್ಯಾಕ ಆಟ' ಅನ್ನುವವರನ್ನು ನಮ್ಮ ಅಕ್ಕತಂಗಿಯರು ಕೇಳಬೇಕು, ನಾವು ಅವರ ಜೊತೆ ನಿಲ್ಲಬೇಕು.

ಎರಡನೇದು, ಯಾವ ತಂಡ ಕರೆದರೂ ಹೋಗುವ ಮುಂಚೆ ಮೂರು ಮಾತು ಕೇಳಬೇಕು. ಚಹಾ ಎಲ್ಲರಿಗೂ ಒಂದೇ ಗ್ಲಾಸಿನಲ್ಲೋ? ಕ್ಯಾಪ್ಟನ್ ಆರಿಸುವುದು ಆಟ ನೋಡಿಯೋ, ಹೊಲ ನೋಡಿಯೋ? ಟೂರ್ನಮೆಂಟ್ ಕಮಿಟಿಯಲ್ಲಿ ನಮ್ಮ ಕೇರಿಯವರು ಇದ್ದಾರೋ? ಉತ್ತರ ಸರಿ ಇಲ್ಲದಿದ್ದರೆ ಹೋಗಬೇಡಿ. ಒಬ್ಬ ಹೋಗದಿದ್ದರೆ ಇನ್ನೊಬ್ಬನನ್ನು ಕರೆಯುತ್ತಾರೆ, ಅದಕ್ಕೇ ಒಬ್ಬರೂ ಹೋಗಬಾರದು. ಶಿವರಾಮ, ವಿಠ್ಠಲ ಇಬ್ಬರೂ ಕೂಡಿ ಹೊರಗೆ ಬಂದರು, ಅದಕ್ಕೇ ಬೆಲೆ ಬಂತು.

ಮೂರನೇದು, ಆಡುವುದರ ಜೊತೆ ಆಡಿಸುವುದನ್ನೂ ಕಲಿಯಬೇಕು. ಆಟಗಾರನ ಮೈ ಮೂವತ್ತೈದಕ್ಕೆ ಮುಗಿಯುತ್ತದೆ. ಕೋಚು, ಅಂಪೈರು, ದೈಹಿಕ ಶಿಕ್ಷಕ, ಆಯ್ಕೆ ಸಮಿತಿ, ಇವರ ಕೈಯಲ್ಲಿ ಮುಂದಿನ ಹುಡುಗರ ಹಣೆಬರಹ ಇರುತ್ತದೆ. ಬಿ.ಪಿ.ಇಡಿ. ಓದಿ. ಅಂಪೈರ್ ಪರೀಕ್ಷೆಗೆ ಕೂಡಿ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚುಗಳ ಡಿಪ್ಲೊಮಾ ಇದೆ. ಆ ಸಂಸ್ಥೆ ಇರುವುದು ಎಲ್ಲಿ ಗೊತ್ತೇ? 1911ರಲ್ಲಿ ಬಾಳು ಅವರ ತಂಡದ ನಾಯಕನಾಗಿದ್ದನಲ್ಲ ಮಹಾರಾಜ, ಆ ಮನೆತನದ ಹಳೆಯ ಅರಮನೆಯಲ್ಲಿ. ಮಹಾರಾಜನ ಅರಮನೆಯಲ್ಲಿ ಈಗ ಆಳಂದದ ಕೂಲಿಕಾರನ ಮಗ ಹೋಗಿ ಕೋಚ್ ಆಗಿ ಬರಬಹುದು. ಹೋಗುವವರು ಬೇಕು.

ನಾಲ್ಕನೇದು, ನಮ್ಮ ಹಾಸ್ಟೆಲಿನಿಂದಲೇ ಶುರು ಮಾಡೋಣ. ಈ ಮೂರು ತಾಲೂಕಿನ ಹಾಸ್ಟೆಲುಗಳ ನಡುವೆ ನಾವೇ ಒಂದು ಟೂರ್ನಮೆಂಟ್ ಇಡೋಣ. ದುಡ್ಡಿನ ಬಹುಮಾನ ಬೇಡ. ಎಲ್ಲಾ ಜಾತಿಯ ಹುಡುಗರನ್ನು ಕರೆಯೋಣ. ಕಟ್ಟೆಯ ಮೇಲೆ ಒಂದೇ ಸಾಲು, ಒಂದೇ ಥರದ ಗ್ಲಾಸು. ನಮ್ಮ ಎಡ, ಬಲ ಅಲ್ಲೇ ಮುಗಿಯಬೇಕು. ಪಾಳವಣಕರ್ ಬಾಳು ಅವರ ಹೆಸರನ್ನು ಅದಕ್ಕೆ ಇಡೋಣ. ಅವರ ಬದುಕನ್ನು, 1937 ಬಿಡದೆ, ಆಟಕ್ಕೆ ಮುಂಚೆ ಓದಿ ಹೇಳೋಣ.

ಆ ರಾತ್ರಿ 'ವಿಕೆಟ್ ನಮ್ದು, ಕಪ್ ಅವರ್ದು' ಅಂದ ಹುಡುಗನಿಗೆ ಈಗ ನಮ್ಮ ಉತ್ತರ ಇದು: ತಮ್ಮಾ, ನಿನ್ನ ವಿಕೆಟ್ ಕಡಿಮೆ ಬಿದ್ದಿಲ್ಲ. ಕಡಿಮೆ ಬಿದ್ದದ್ದು ನಮ್ಮ ಒಗ್ಗಟ್ಟು. ನೀ ಒಬ್ಬನೇ ಕಟ್ಟೆಯ ಕೆಳಗೆ ಕುಂತಿದ್ದಿ, ನಾವು ನಿನ್ನ ಜೊತೆ ಇರಲಿಲ್ಲ. ಮುಂದಿನ ಸಲ ಕಾಗದದ ಕಪ್ಪು ಬಂದರೆ ತಗೋಬ್ಯಾಡ. ಎದ್ದು ನಿಲ್ಲು. ನಿನ್ನ ಹಿಂದೆ ಹನ್ನೊಂದು ಮಂದಿ ಎದ್ದು ನಿಲ್ಲುತ್ತೇವೆ.

ಜೈ ಭೀಮ್.